ಯಾರದೂ ಅಲ್ಲದ ಖಾತ್ರಿ

ಎಂಟು ನೂರು ಜನರ ಮದುವೆ ಊಟದ ಸಾರಿಗೆ ಉಪ್ಪೇ ಬಿದ್ದಿರಲಿಲ್ಲ.

ಮೊದಲ ಪಂಕ್ತಿಯಲ್ಲಿ ಕೂತವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹೆಣ್ಣಿನ ಕಡೆಯ ಹಿರಿಯರೊಬ್ಬರು ಎಲೆಯ ತುದಿಯ ಉಪ್ಪನ್ನೆಲ್ಲ ಅನ್ನಕ್ಕೆ ಕಲಸಿಕೊಂಡು, "ಅಡಿಗಿಯವರಿಗೆ ಬಿಪಿ ಇರಬೇಕ್ರಿ, ನಮಗೂ ಪಥ್ಯಾ ಹಚ್ಯಾರ" ಎಂದರು. ಪಂಕ್ತಿ ನಕ್ಕಿತು. ಒಳಗೆ ಅಡುಗೆಮನೆಯಲ್ಲಿ ನನ್ನ ಗಂಡ ಶಿವಪುತ್ರ ನಗುತ್ತಿರಲಿಲ್ಲ. ಹುಬ್ಬಳ್ಳಿಯಲ್ಲಿ ಹದಿನಾಲ್ಕು ವರ್ಷದಿಂದ ಮದುವೆ ಅಡುಗೆ ಹಿಡಿಯುವ ಮನುಷ್ಯ. ಅವನ ಸಾರಿನ ಬಗ್ಗೆ ಇಂಥ ಮಾತು ಯಾರೂ ಆಡಿರಲಿಲ್ಲ.

ನರ್ಸಾದ ನನಗೆ ಆ ಭಾನುವಾರ ಆಸ್ಪತ್ರೆ ರಜೆ. ಮನೆಯಲ್ಲಿ ಒಲೆ ಹಚ್ಚುವುದು ತಪ್ಪುತ್ತದಲ್ಲ ಎಂದು ಮಗಳು ಸ್ಫೂರ್ತಿಯನ್ನು ಕರೆದುಕೊಂಡು ಕಲ್ಯಾಣ ಮಂಟಪಕ್ಕೆ ಬಂದಿದ್ದೆ. ಗದ್ದಲ ಕೇಳಿ ಒಳಗೆ ಹೋದೆ. ಶಿವಪುತ್ರ ಸೌಟು ಹಿಡಿದು ತನ್ನ ಆರು ಜನರ ಎದುರು ನಿಂತಿದ್ದ.

"ಉಪ್ಪು ಯಾರು ಹಾಕಿದ್ರಿ?"

"ಹಾಕೇತಿ" ಎಂದಳು ದ್ಯಾಮಕ್ಕ. ಸಾರು ಅವಳದೇ. ಅರವತ್ತರ ಮೇಲಿನವಳು, ಶಿವಪುತ್ರನ ತಾಯಿಯ ಕಾಲದಿಂದ ಒಲೆಯ ಮುಂದೆ ನಿಂತವಳು.

"ಹಾಕೇತಿ ಅಂದ್ರ? ಯಾರು ಹಾಕಿದ್ರಿ ಅಂತ ಕೇಳಾಕತ್ತೀನಿ."

"ಹಾಕ್ಯಾರಂತ ನನಗ ಚೊಲೋ ಗೊತ್ತಿತ್ತು ಅಣ್ಣಾ" ಎಂದ ಮೌಲಾಲಿ.

"ನೀ ಹಾಕಿದ್ಯೇನು?"

"ನಾ ಯಾಕ ಹಾಕ್ಲಿ? ನಂದು ಬಳ್ಳೊಳ್ಳಿ ಸುಲಿಯೂದು. ಆದ್ರ ಉಪ್ಪಿನ ಕೆಲಸ ಮುಗಿದೈತಿ ಅಂತ ಖಾತ್ರಿ ಇತ್ತು ನೋಡು."

ಆರು ಜನರಿಗೂ ಖಾತ್ರಿ ಇತ್ತು. ಆರು ಜನರ ಬಲಗಿವಿಯ ಹಿಂದೆಯೂ ಹುಣಸೆಬೀಜದಷ್ಟು ದಪ್ಪದ ಬಿಲ್ಲೆ ಅಂಟಿಕೊಂಡಿತ್ತು, ಮಣಿಕಟ್ಟಿನಲ್ಲಿ ಅದರ ಜೋಡಿ ಪಟ್ಟಿ. ನಮ್ಮ ಆಸ್ಪತ್ರೆಯಲ್ಲಿ ಹಚ್ಚಿಕೊಳ್ಳುವಂಥ ಆ ಬಿಲ್ಲೆಗಳನ್ನು ಅವರಿಗೆ ತಂದುಕೊಟ್ಟವಳು ನಾನೇ.

ದ್ಯಾಮಕ್ಕ ಸೆರಗಿನಿಂದ ಮುಖ ಒರೆಸಿಕೊಂಡು ನನ್ನ ಕಡೆ ತಿರುಗಿದಳು. "ನೀಲಗಂಗಾ, ಸುಳ್ಳು ಹೇಳಾಂಗಿಲ್ಲವಾ. ಮುಷ್ಟಿ ತುಂಬಿ ಉಪ್ಪು ಹಾಕಿದ್ದು ನನಗ ನೆನಪಿಲ್ಲ. ಹಾಕೇನಿ ಅನ್ನೂದು ಮಾತ್ರ ಗೊತ್ತೈತಿ. ಇದ್ಯಾವ ನಮೂನಿ ಗೊತ್ತವಾ?"

ನಾನೂ ನಗಲು ಹೊರಟಿದ್ದೆ. ನಗು ಅರ್ಧಕ್ಕೇ ನಿಂತಿತು. ಶುಕ್ರವಾರ ಶಸ್ತ್ರಚಿಕಿತ್ಸೆ ಆದ ಏಳು ವರ್ಷದ ಹುಡುಗಿ ರೇಣವ್ವನ ಎದೆ ಮುಚ್ಚುವ ಮುಂಚೆ ರಕ್ತ ಒರೆಸಿದ ಬಟ್ಟೆಗಳನ್ನು ಎಣಿಸಿದ್ದು ನೆನಪಿದೆಯೇ ಎಂದು ನನ್ನನ್ನೇ ಕೇಳಿಕೊಂಡೆ. ಎಣಿಸಿದ್ದೇನೆಂದು ಗೊತ್ತಿತ್ತು. ಎಣಿಸಿದ್ದು ನೆನಪಿರಲಿಲ್ಲ.

*

ಒಂದು ಕೆಲಸ ಮುಗಿದಾಗ ಮನಸ್ಸಿನಲ್ಲಿ ಸಣ್ಣದೊಂದು ಗಂಟು ಸಡಿಲಾಗುತ್ತದೆ. ಗ್ಯಾಸು ಬಂದ್ ಮಾಡಿದೆ, ಮಗಳ ಡಬ್ಬಿ ಚೀಲಕ್ಕಿಟ್ಟೆ, ಬಾಗಿಲಿಗೆ ಕೀಲಿ ಹಾಕಿದೆ ಎಂಬಾಗ ಒಳಗೇ ಆಗುವ ಒಂದು ಹಗುರ. ಬಾಯಿಬಿಟ್ಟು ಹೇಳಿದರೆ ಅದು "ಆಯ್ತು". ಬಿಲ್ಲೆ ಓದುವುದು ಇದೊಂದನ್ನೇ. ವಿಚಾರ, ಗುಟ್ಟು, ಸಿಟ್ಟು ಯಾವುದೂ ಅದಕ್ಕೆ ಬೇಡ. ಒಬ್ಬರ ತಲೆಯಲ್ಲಿ ಗಂಟು ಸಡಿಲಾದೊಡನೆ ಅದೇ ಸಡಿಲನ್ನು ತಂಡದ ಉಳಿದವರಿಗೆಲ್ಲ ಮುಟ್ಟಿಸುತ್ತದೆ. ಪಕ್ಕದವಳ ಕೆಲಸ ಮುಗಿಯಿತೋ ಇಲ್ಲವೋ ಎಂದು ಕೇಳುವ ಅಗತ್ಯವಿಲ್ಲ. ಮುಗಿದದ್ದು ನಮಗೇ ಮುಗಿದಂತೆ ತಿಳಿಯುತ್ತದೆ.

ನಮ್ಮ ಆಸ್ಪತ್ರೆಗೆ ಅದು ಬಂದು ಎಂಟು ತಿಂಗಳಾಗಿತ್ತು. ಹೃದಯದಲ್ಲಿ ತೂತು ಇರುವ ಮಕ್ಕಳ ಶಸ್ತ್ರಚಿಕಿತ್ಸೆ ನಮ್ಮದು. ಅದಕ್ಕೆ ಮುಂಚೆ ದಿನಕ್ಕೆ ಒಂದೇ ಮಗು. ಬಿಲ್ಲೆ ಬಂದ ಮೇಲೆ ಎರಡು. ಕತ್ತರಿ ಕೇಳುವ ಮೊದಲೇ ನನ್ನ ಕೈ ಕತ್ತರಿಯ ಮೇಲಿರುತ್ತಿತ್ತು. ಹೊಲಿಗೆ ಮುಗಿದದ್ದು ಹೃದಯದ ಬದಲಿಗೆ ದುಡಿಯುವ ರಕ್ತದ ಯಂತ್ರ ನಡೆಸುವವನಿಗೆ ತಲೆ ಎತ್ತದೆಯೂ ಗೊತ್ತಾಗುತ್ತಿತ್ತು. ಎಂಟು ವರ್ಷ ಕೂಗಾಟ, ಬೈಗುಳ, "ಏನಂದ್ರಿ ಸರ್?" "ಕಿವಿ ಎಲ್ಲಿಟ್ಟಿದ್ದಿ?" ಎಂಬುದರಲ್ಲೇ ಕಳೆದ ಆ ಕೋಣೆ ಗುಡಿಯ ಗರ್ಭಗುಡಿಯಷ್ಟು ಸುಮ್ಮನಾಯಿತು. ಸರದಿಗೆ ಕಾಯುತ್ತಾ ನೀಲಿಗಟ್ಟುತ್ತಿದ್ದ ಮಕ್ಕಳು ಬೇಗ ಬೇಗ ಒಳಗೆ ಬಂದು ಕೆಂಪಗಾಗಿ ಹೊರಗೆ ಹೋದರು. ಇದನ್ನು ಮೊದಲೇ ಹೇಳಿಬಿಡಬೇಕು. ಬಿಲ್ಲೆಯನ್ನು ಬೈಯುವುದು ಸುಲಭ. ಆದರೆ ಅದರಿಂದ ಉಳಿದ ಮಕ್ಕಳ ಹೆಸರುಗಳು ನನಗೆ ಗೊತ್ತು.

ಬಟ್ಟೆ ಎಣಿಕೆಯೂ ಹಾಗೆಯೇ ಸುಮ್ಮನಾಯಿತು. ಎದೆಯೊಳಗಿನ ರಕ್ತ ಒರೆಸಲು ಅಂಗೈಯಗಲದ ಬಟ್ಟೆಗಳಿರುತ್ತವೆ, ಐದೈದರ ಕಟ್ಟು. ಶುರುವಿನಲ್ಲಿ ಎಷ್ಟು ಬಿಚ್ಚಿದೆವೋ ಮುಚ್ಚುವ ಮುಂಚೆ ಅಷ್ಟೂ ಹೊರಗೆ ಬಂದಿರಬೇಕು. ಟೇಬಲ್ಲಿನ ಹತ್ತಿರ ನಿಲ್ಲುವ ನಾನು ಒಂದೊಂದಾಗಿ ತೋರಿಸಬೇಕು, ಸುತ್ತ ಓಡಾಡುವ ಎಸ್ತೇರಕ್ಕ ನನ್ನ ಜೊತೆ ಬಾಯಿಬಿಟ್ಟು ಎಣಿಸಬೇಕು. ಇದು ಹಳೆಯ ಪದ್ಧತಿ. ಬಿಲ್ಲೆ ಬಂದ ಮೇಲೆ ನಾನು ಎಣಿಸಿ ಮುಗಿಸಿದ್ದು ಅವಳಿಗೆ, ಅವಳು ಮುಗಿಸಿದ್ದು ನನಗೆ ತಾನಾಗಿ ತಿಳಿಯುತ್ತಿತ್ತು. ಇಬ್ಬರ "ಆಯ್ತು" ಕೂಡಿದೊಡನೆ ಗೋಡೆಯ ಪರದೆಯ ಮೇಲೆ ಹಸಿರು ದೀಪ. ಬಾಯಿ ಯಾಕೆ ನೋಯಿಸಬೇಕು?

*

ಸ್ಫೂರ್ತಿಯನ್ನು ದ್ಯಾಮಕ್ಕನ ಹತ್ತಿರ ಬಿಟ್ಟು ಸ್ಕೂಟರ್ ತೆಗೆದೆ. "ಅವ್ವಾ, ಊಟಾ ಮಾಡಿಲ್ಲಲ್ಲ" ಎಂದು ಮಗಳು ಹಿಂದಿನಿಂದ ಕೂಗಿದಳು. ಬಿಲ್ಲೆ ಇಲ್ಲದೆಯೂ ಊಟ ಆಗಿದೆಯೆಂದೇ ನನಗನ್ನಿಸಿತ್ತು.

ಎಸ್ತೇರಕ್ಕನ ಮನೆ ಕಾರವಾರ ರಸ್ತೆಯ ಕ್ವಾರ್ಟರ್ಸಿನಲ್ಲಿ. ಚರ್ಚಿನಿಂದ ಬಂದು, ರೇಷ್ಮೆ ಸೀರೆಯನ್ನು ಹಗ್ಗಕ್ಕೆ ಹಾಕಿ, ನೈಟಿಯ ಮೇಲೆ ಟವೆಲ್ ಹೊದ್ದು ಮೆಂತ್ಯಪಲ್ಲೆ ಸೋಸುತ್ತಿದ್ದಳು. ಮೂವತ್ತಾರು ವರ್ಷ ನರ್ಸಾಗಿ ದುಡಿದವಳು. ಮುಂದಿನ ತಿಂಗಳು ನಿವೃತ್ತಿ.

"ಬಾ, ಕೂಡು. ಏನಿದು ಮಾರಿ ಹಿಂಗಾಗೇತಿ?"

"ಎಸ್ತೇರಕ್ಕ, ಶುಕ್ರವಾರ ರೇಣವ್ವಂದು ಬಟ್ಟಿ ಎಣಿಸಿದ್ದಿ?"

ಅವಳ ಕೈ ನಿಂತಿತು. "ಏನ್ ಮಾತಂತ ಆಡ್ತಿ? ಎಣಿಸದ ಬಿಡ್ತೀನೇನು?"

"ಎಷ್ಟಿದ್ವು?"

"ಮೂವತ್ತು. ಪರದೆದಾಗ ಐತೆಲ್ಲ."

"ಪರದೆದಾಗಿಂದ ಬ್ಯಾಡ. ಹತ್ತೊಂಬತ್ತು, ಇಪ್ಪತ್ತು ಅಂತ ಎಣಿಸಿದ್ದು ನೆನಪೈತೇನು? ಕಡೀ ಬಟ್ಟಿ ಹೆಂಗಿತ್ತು? ಪೂರಾ ತೊಯ್ದಿತ್ತೋ, ಅರ್ಧ ಬಿಳಿ ಇತ್ತೋ?"

"ನೀಲಾ, ನನಗ ಅರವತ್ತಾತು, ಬಟ್ಟಿ ಬಣ್ಣಾ ನೆನಪಿಟ್ಕೊಂಡು ಕೂಡ್ಲೇನು?" ಎಂದು ಜಬರಿಸಿದಳು. ಮೆಂತ್ಯದ ದಂಟೊಂದನ್ನು ಮುರಿದಳು, ಮತ್ತೊಂದನ್ನು ಮುರಿದಳು. ಆಮೇಲೆ ದನಿ ಇಳಿಸಿ, "ನಿನಗ ನೆನಪೈತಿ?" ಎಂದಳು.

"ಇಲ್ಲ. ಎಣಿಸೇನಿ ಅಂತ ಗೊತ್ತಷ್ಟ."

"ಗುರುವಾರದ್ದು?"

ಅದೂ ಇರಲಿಲ್ಲ. ಇಬ್ಬರೂ ಹಿಂದೆ ಹಿಂದೆ ಹೋದೆವು. ಬುಧವಾರ, ಮಂಗಳವಾರ. ಪ್ರತಿ ದಿನದ ಹಸಿರು ದೀಪ ನೆನಪಿತ್ತು. ಕೆಲವು ದಿನ ಬಟ್ಟೆಯನ್ನು ಬೆರಳಿಂದ ಬಿಡಿಸಿ ಎಣಿಸಿದ್ದೂ ಇತ್ತು. ಕೆಲವು ದಿನ ಬರೀ ಆ ಹಗುರ, ಬೇರೇನೂ ಇಲ್ಲ.

ಎಸ್ತೇರಕ್ಕ ಮೊರವನ್ನು ಕಟ್ಟೆಯ ಮೇಲಿಟ್ಟಳು. "ಹೇಳಿದ್ರ ನಮ್ಮಿಬ್ಬರ ಮ್ಯಾಲ ಬರ್ತದ. ಡಾಕ್ಟರ್ ಮ್ಯಾಲ ಅಲ್ಲ, ಬಿಲ್ಲಿ ಕಂಪನಿ ಮ್ಯಾಲೂ ಅಲ್ಲ. ಗೊತ್ತೈತಿಲ್ಲ?"

"ಗೊತ್ತೈತಿ."

"ಹುಡುಗಿ ಹ್ಯಾಂಗದಾಳ?"

"ಮುಂಜಾನೆ ಫೋನ್ ಮಾಡಿದ್ದೆ. ಜ್ವರ ಅದಾವಂತ. ಎರಡನೇ ದಿನ ಬರ್ತಾವ ಅಂದ್ರು."

"ಬರ್ತಾವ" ಎಂದಳು ಅವಳು. ಎದ್ದು ಹಗ್ಗದ ಮೇಲಿನ ರೇಷ್ಮೆ ಸೀರೆಯನ್ನೇ ಮತ್ತೆ ಎಳೆದುಕೊಂಡಳು. "ಹತ್ತು ನಿಮಿಷ ತಡಿ. ನಿನ್ನ ಸ್ಕೂಟರ್ ಮ್ಯಾಲ ನಾ ಹಿಂದ ಕೂಡೂದಾದ್ರ ಜೋರಾಗಿ ಹೊಡೀಬ್ಯಾಡ ಮತ್ತ."

*

ತೀವ್ರ ನಿಗಾ ಘಟಕದ ಬಾಗಿಲಲ್ಲಿ ಬಿಲ್ಲೆ ಹಚ್ಚಿಕೊಳ್ಳದೆ ಒಳಗೆ ಬಿಡುವುದಿಲ್ಲ. ಹಚ್ಚಿಕೊಂಡೆವು. ಹಚ್ಚಿಕೊಂಡೊಡನೆ ಒಳಗಿನವರ ಸಣ್ಣ ಸಣ್ಣ "ಆಯ್ತು"ಗಳು ನನ್ನೊಳಗೆ ಇಳಿಯತೊಡಗಿದವು. ಯಾರೋ ಔಷಧ ಕೊಟ್ಟು ಮುಗಿಸಿದರು, ಯಾರೋ ಹಾಸಿಗೆ ಸರಿ ಮಾಡಿದರು. ಸ್ಕೂಟರಿನ ಮೇಲೆ ಬಿಗಿಹಿಡಿದಿದ್ದ ಹೆಗಲು ತಾನಾಗಿ ಸಡಿಲಾಯಿತು. ಎಲ್ಲ ಸರಿಯಿದೆ, ಸುಮ್ಮನೆ ಓಡಿ ಬಂದೆ ಎನಿಸಿತು. ಆ ಎನಿಸಿಕೆಗೇ ನಾನು ಹೆದರಿದೆ.

ರೇಣವ್ವ ಕಣ್ಣು ಮುಚ್ಚಿ ಮಲಗಿದ್ದಳು. ನವಲಗುಂದದ ಕಡೆಯ ಹುಡುಗಿ. ಅವಳ ತಾಯಿ ಶಂಕ್ರವ್ವ ಗಾಜಿನ ಆಚೆ ನಿಂತು, ಒಳಗೆ ಬಂದವರ ಮುಖವನ್ನೆಲ್ಲ ಒಂದೊಂದಾಗಿ ನೋಡುತ್ತಿದ್ದಳು.

ಶಸ್ತ್ರಚಿಕಿತ್ಸೆ ಮಾಡಿದ ಡಾಕ್ಟರ್ ಗಲಗಲಿಯವರು ಅಲ್ಲೇ ಇದ್ದರು. ನಾನು ಹೇಳಿದ್ದನ್ನು ಕೇಳಿ ಅವರಿಗೆ ಸಿಟ್ಟು ಬರಲಿಲ್ಲ. ಬಂದಿದ್ದರೆ ಚೆನ್ನಾಗಿತ್ತು.

"ಎಕ್ಸ್-ರೇ ನೋಡೇವಲ್ಲವ್ವಾ. ನಿನ್ನೆ ಮುಂಜಾನೆಯದೂ ಅದ, ಇವತ್ತಿಂದೂ ಅದ. ಬಟ್ಟಿಯೊಳಗ ಎಕ್ಸ್-ರೇಕ್ಕ ಕಾಣೋ ದಾರ ಇರ್ತದ. ಇದ್ರ ಕಾಣ್ತಿತ್ತು."

ಫಿಲ್ಮನ್ನು ಪರದೆಗೆ ಹಾಕಿದರು. ಪುಟ್ಟ ಪಕ್ಕೆಲುಬು, ಮಧ್ಯೆ ಎದೆಮೂಳೆ ಬಿಗಿದ ಸರಿಗೆಯ ಗಂಟುಗಳು, ಹೃದಯದ ಮಬ್ಬಿನ ಮೇಲೆ ತೆಳ್ಳನೆಯ ಬಿಳಿ ಗೆರೆಗಳು.

"ಇವು ನಾವ ಹಾಕಿದ ತಂತಿ" ಎಂದರು. ಮಗುವಿನ ಹೃದಯ ಬಡಿತ ತಪ್ಪಿದರೆ ಹೊರಗಿನಿಂದ ಬಡಿಸಲೆಂದು ಹೊಲಿದ ತಂತಿಗಳು. ನಾಲ್ಕು ದಿನದ ಮೇಲೆ ಎಳೆದುಬಿಡುತ್ತಾರೆ. "ಸರಿ ಅದ."

ಅವರಿಗೆ "ಆಯ್ತು" ಎನಿಸಿತು. ಅದು ನನಗೂ ಬಂತು, ಎಸ್ತೇರಕ್ಕನಿಗೂ ಬಂತು, ಪಕ್ಕದಲ್ಲಿದ್ದ ಎಕ್ಸ್-ರೇ ತೆಗೆಯುವ ಹುಡುಗಿಗೂ ಬಂತು. ಬಿಸಿಲಿನಿಂದ ಬಂದು ಮಜ್ಜಿಗೆ ಕುಡಿದಂತೆ. ಎಸ್ತೇರಕ್ಕ ಉಸಿರು ಬಿಟ್ಟು, "ದೇವರು ದೊಡ್ಡಾವ" ಎಂದಳು.

ನಾನು ಕಿವಿಯ ಹಿಂದೆ ಉಗುರು ಹಾಕಿ ಬಿಲ್ಲೆ ಕಿತ್ತೆ. ಚರ್ಮ ಚುರ್ರೆಂದಿತು. ಮಜ್ಜಿಗೆಯ ತಂಪೆಲ್ಲ ಹೋಗಿ ಮತ್ತೆ ಅದೇ ತಳಮಳ. ಅದು ನನ್ನದೇ ಆಗಿತ್ತು.

"ಸರ್, ನಿಮ್ಮದೂ ತೆಗೀರಿ."

"ಏನವ್ವಾ ಇದು?"

"ತೆಗದು, ತಂತಿ ಎಷ್ಟು ಹಾಕೀರಿ ಹೇಳ್ರಿ."

"ಎರಡು."

"ಫಿಲ್ಮಿನಾಗ ಎಷ್ಟದಾವ, ಬಾಯಿಬಿಟ್ಟು ಎಣಿಸ್ರಿ."

ಡಾಕ್ಟರಿಗೆ ಈಗ ಸಿಟ್ಟು ಬಂತು. ಇಪ್ಪತ್ತು ವರ್ಷ ಎದೆ ತೆರೆದವರಿಗೆ ಬಾಲವಾಡಿಯ ಹುಡುಗನಿಗೆ ಹೇಳಿದಂತೆ ಹೇಳಿದ್ದೆ. ಆದರೂ ಬಿಲ್ಲೆ ತೆಗೆದು ಮೇಜಿನ ಮೇಲೆ ಕುಕ್ಕಿದರು. ಬೆರಳು ಪರದೆಗೆ ಹಚ್ಚಿದರು.

"ಒಂದು. ಎರಡು."

ಬೆರಳು ಅಲ್ಲೇ ನಿಂತಿತು. ತುಸು ಕೆಳಗೆ, ಹೃದಯದ ಹಿಂಭಾಗದಲ್ಲಿ, ಸುರುಳಿ ಸುತ್ತಿಕೊಂಡ ಇನ್ನೊಂದು ಗೆರೆ. ಅದು ಎರಡೂ ತಂತಿಗಳಿಗಿಂತ ತುಸು ದಪ್ಪಗಿತ್ತು. ಅದು ಅಡಗಿರಲಿಲ್ಲ. ನಿನ್ನೆಯಿಂದ ಐದು ಜನ ಅದನ್ನು ನೋಡಿದ್ದರು.

ಡಾಕ್ಟರು ಪರದೆಯ ಹತ್ತಿರ ಬಾಗಿದರು. ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡು ನೋಡಿದರು.

"ಥಿಯೇಟರ್ ತಯಾರ ಮಾಡ್ರಿ. ಎಲ್ಲಾರನೂ ಕರೀರಿ" ಎಂದರು. ಹೊರಟವರು ತಿರುಗಿ ನಿಂತು, "ಬಿಲ್ಲಿ ಯಾರೂ ಹಚ್ಚಬ್ಯಾಡ್ರಿ" ಎಂದರು.

*

ಥಿಯೇಟರಿನ ಪಕ್ಕದ ಸಣ್ಣ ಕೋಣೆಯಲ್ಲಿ ಬಿಲ್ಲೆಗಳ ಯಂತ್ರ. ಕಂಪನಿಯ ಎಂಜಿನಿಯರ್ ತೌಸೀಫ್ ಓಡಿ ಬಂದಿದ್ದ. ನಾನು ಸಾಮಾನು ಜೋಡಿಸಿ ಕೈ ತೊಳೆಯಲು ಹೋಗುವಷ್ಟರಲ್ಲಿ ಶುಕ್ರವಾರದ ದಾಖಲೆ ತೆರೆದು ಕೂತಿದ್ದ. ಬೆವರು ಅವನ ಗದ್ದದಿಂದ ಕೀಲಿಮಣೆಯ ಮೇಲೆ ಬೀಳುತ್ತಿತ್ತು.

"ಸಿಸ್ಟರ್, ಇಲ್ನೋಡ್ರಿ. ಹನ್ನೊಂದು ನಲವತ್ತೆರಡಕ್ಕ ಮೊದಲನೇ 'ಆಯ್ತು' ಬಂದೈತಿ. ನಿಮ್ಮದಲ್ಲ, ಎಸ್ತೇರ್ ಸಿಸ್ಟರಂದೂ ಅಲ್ಲ. ಅರಿವಳಿಕೆ ಡಾಕ್ಟರದು. ಅವರು ಆವಾಗ ಸಲೈನ್ ಬಾಟ್ಲಿ ಬದಲಿ ಮಾಡ್ಯಾರ, ಅಷ್ಟ."

"ಬಾಟ್ಲಿ ಮುಗಿದಿದ್ದು ನಮಗ ಬಟ್ಟಿ ಎಣಿಸಿದಂಗ ಯಾಕನಿಸಬೇಕು?"

"ಏನು ಮುಗೀತು ಅಂತ ಬಿಲ್ಲಿಗೆ ಗೊತ್ತಿಲ್ರಿ. ಮುಗೀತು ಅಂತಷ್ಟ ಗೊತ್ತು. ನೀವು ಬಟ್ಟಿ ಚಿಂತ್ಯಾಗಿದ್ರಿ, ನಿಮಗ ಅದು ಬಟ್ಟಿ ಮುಗಿದಂಗ ಅನಿಸ್ತು. ಹಂಗನಿಸಿದಾಗ ನಿಮ್ಮ ಬಿಲ್ಲಿ ಅದನ್ನ ನಿಮ್ಮದಂತ ತಿಳಕೊಂಡು ಎಸ್ತೇರ್ ಸಿಸ್ಟರಿಗೆ ಕಳಿಸ್ತು. ಅವರಿಂದ ತಿರುಗಿ ನಿಮಗ ಬಂತು. ಹೋತು, ಬಂತು. ಪ್ರತಿ ಸಲ ಇನ್ನಷ್ಟು ಗಟ್ಟಿ ಆಗಿ."

ಬಾವಿಯೊಳಗೆ ಕೂಗಿದ ದನಿಯಂತೆ ಎಂದುಕೊಂಡೆ. ಆದರೆ ಬಾವಿಯ ದನಿ ಸೋಲುತ್ತಾ ಹೋಗುತ್ತದೆ.

"ಇದು ಆಗಬಾರದಂತ ಮಾಡಿದ್ವಿ ಸಿಸ್ಟರ್" ಎಂದ ತೌಸೀಫ್, ಅಳುವ ದನಿಯಲ್ಲಿ. "ಕೈ ಆಡದ ಬಂದ 'ಆಯ್ತು' ಮುಂದ ಹೋಗೂದಿಲ್ಲ. ಮಣಿಕಟ್ಟಿನ ಪಟ್ಟಿ ಅದನ್ನ ನೋಡತೈತಿ. ಕೈ ಸುಮ್ನಿತ್ತು ಅಂದ್ರ ಅದು ಬ್ಯಾರೇದವರ ಆಯ್ತು ಅಂತ ಲೆಕ್ಕ. ಲ್ಯಾಬಿನಾಗ ಎರಡು ವರ್ಷ ನೋಡೇವಿ, ಒಮ್ಮೀನೂ ತಪ್ಪಿಲ್ಲ."

"ಲ್ಯಾಬಿನಾಗ ಯಾರ ಮ್ಯಾಲ ನೋಡಿದ್ರಿ?"

"ಕಾಲೇಜ್ ಹುಡುಗ್ರು. ಟೇಬಲ್ ಮುಂದ ಕುಂತು, ಒಂದು ಕೆಲಸ ಮುಗಿಸಿ, ಕೈ ಕಟ್ಟಿ ಕುಂತು, ಆಮ್ಯಾಲ ಇನ್ನೊಂದು."

ನಾನು ನನ್ನ ಕೈ ನೋಡಿಕೊಂಡೆ. ಎದೆ ತೆರೆದಾಗಿನಿಂದ ಮುಚ್ಚುವವರೆಗೆ ಒಂದು ಕ್ಷಣ ನಿಲ್ಲದ ಕೈ. ಒಂದು ಕೊಡುತ್ತಾ, ಒಂದು ಒರೆಸುತ್ತಾ, ಒಂದು ಹುಡುಕುತ್ತಾ ಇರುವ ಕೈ. ಮನೆಗೆ ಹೋದರೂ ಅಷ್ಟೇ. ಸ್ಫೂರ್ತಿಯ ಮಗ್ಗಿ ಕೇಳುವಾಗಲೂ ಹಿಟ್ಟು ನಾದುತ್ತಿರುತ್ತದೆ. ದ್ಯಾಮಕ್ಕನ ಕೈಯೂ ಮೌಲಾಲಿಯ ಕೈಯೂ ಅಂಥವೇ. ಕೈ ಕಟ್ಟಿ ಕೂತು ಒಂದಾದ ಮೇಲೊಂದು ಕೆಲಸ ಮಾಡುವ ಭಾಗ್ಯ ಯಾರಿಗಿದೆ?

"ತೌಸೀಫ್, ನಮ್ಮ ಮನಿಯವರ ಸಾರಿನಾಗ ಉಪ್ಪಿರಲಿಲ್ಲ ಇವತ್ತು."

ಅವನಿಗೆ ಅರ್ಥವಾಗಲಿಲ್ಲ. ಅರ್ಥ ಮಾಡಿಸಲು ನನಗೆ ಹೊತ್ತಿರಲಿಲ್ಲ.

*

ಎಂಟು ತಿಂಗಳ ಮೇಲೆ ಬರೀ ಬಾಯಿಯಿಂದ ಕೆಲಸ ಮಾಡುವುದು ಎಷ್ಟು ಕಷ್ಟವೆಂದು ಯಾರೂ ಎಣಿಸಿರಲಿಲ್ಲ. ಮೊದಲ ಹತ್ತು ನಿಮಿಷ ಡಾಕ್ಟರು ಕೈ ಚಾಚಿ ಸುಮ್ಮನೆ ನಿಂತರು. ನಾನು ಸುಮ್ಮನೆ ಅವರ ಕೈ ನೋಡಿದೆ. ಏನು ಬೇಕೆಂದು ಹೇಳಬೇಕೆಂಬುದು ಅವರಿಗೆ ಮರೆತಿತ್ತು, ಕೇಳಬೇಕೆಂಬುದು ನನಗೆ ಮರೆತಿತ್ತು.

"ವೈರ್ ಕಟರ್... ವೈರ್ ಕಟರ್ ಕೊಡವ್ವಾ."

"ಇದ್ರಿ?"

"ಅದಲ್ಲ, ಸಣ್ಣದು."

"ಸಣ್ಣದಂದ್ರ?"

"ಸಣ್ಣದಂದ್ರ ಸಣ್ಣದು! ಹುಡುಗಿ ಏಳು ವರ್ಷದಾಕಿ, ಎಮ್ಮಿ ಅಲ್ಲ!"

ಎಸ್ತೇರಕ್ಕ ಮಾಸ್ಕಿನೊಳಗೆ, "ಬಂದ್ರು ನಮ್ಮ ಹಳೇ ಸರ್" ಎಂದಳು. ಯಾರೋ ಮೂಗಿನಲ್ಲಿ ನಕ್ಕರು. ನಾನು ಸಣ್ಣ ಕಟರ್ ಅವರ ಕೈಗಿಟ್ಟೆ.

ಎದೆ ಮತ್ತೆ ತೆರೆಯಿತು. ಹೊಸದಾಗಿ ಬಿಚ್ಚಿದ ಇಪ್ಪತ್ತು ಬಟ್ಟೆಗಳನ್ನು ನಾವಿಬ್ಬರೂ ಮೊದಲೇ ಕೂಗಿ ಎಣಿಸಿಕೊಂಡಿದ್ದೆವು. ಡಾಕ್ಟರು ಬೆರಳನ್ನು ಹೃದಯದ ಹಿಂದೆ ಇಳಿಸಿದರು. ಹೃದಯ ಅವರ ಬೆರಳಿನ ಮೇಲೆ ಬಡಿಯುತ್ತಿತ್ತು. ಒಂದು ಸಲ ತಡವರಿಸಿತು. ಅರಿವಳಿಕೆ ಡಾಕ್ಟರು "ಬಿಪಿ ಇಳೀತು" ಎಂದು ಕೂಗಿದರು. ಬಿಲ್ಲೆಯ ದಿನಗಳಲ್ಲಾಗಿದ್ದರೆ ಆ ಕೂಗು ಇರುತ್ತಿರಲಿಲ್ಲ, ಪರದೆ ನೋಡಿ ತಿಳಿಯಬೇಕಿತ್ತು. "ತಡೀರಿ ಸರ್... ತಡೀರಿ... ಈಗ ಸರಿ. ಮಾಡ್ರಿ."

ಬಟ್ಟೆ ಬಂತು. ಕಪ್ಪಗೆ, ಮುದ್ದೆಯಾಗಿ, ಒಂದು ಸತ್ತ ಕಪ್ಪೆಯಷ್ಟು. ಡಾಕ್ಟರು ಅದನ್ನು ನನ್ನ ತಟ್ಟೆಗೆ ಹಾಕಿದಾಗ ಕೋಣೆಯಲ್ಲಿ ಯಾರೂ ಯಾರ ಮುಖವನ್ನೂ ನೋಡಲಿಲ್ಲ.

ಮುಚ್ಚುವ ಮುಂಚೆ ಎಣಿಸಿದೆವು. ನಾನು ಒಂದೊಂದಾಗಿ ಬಿಡಿಸಿ ತೋರಿಸಿದೆ. ಕೊನೆಯ ಹತ್ತಿರ ಬಂದಾಗ ನಾನು "ಹತ್ತೊಂಬತ್ತು" ಎಂದೆ, ಎಸ್ತೇರಕ್ಕ "ಹದಿನೆಂಟು" ಎಂದಳು.

"ಹತ್ತೊಂಬತ್ತು ಅಕ್ಕಾ."

"ಹದಿನೆಂಟು. ಒಂದನ್ನ ಎರಡು ಸಲ ಎತ್ತಿದಿ ನೀ."

"ಎತ್ತಿಲ್ಲ."

"ಎತ್ತಿದಿ ಅಂತೀನಿ. ಕಣ್ಣು ನಂದೂ ಅದಾವ."

ಡಾಕ್ಟರು ಸೂಜಿ ಹಿಡಿದು ಕಾಯುತ್ತಿದ್ದರು. ರಕ್ತದ ಯಂತ್ರದವನು ಕಾಲು ಬದಲಿಸಿದ. ನನಗೆ ಅಳು ಬಂತು, ಕೋಪವೂ ಬಂತು. ಈ ಮುದುಕಿಯ ಹಟದ ಮುಂದೆ ಬಿಲ್ಲೆಯ ಮೌನವೇ ಚೆನ್ನಾಗಿತ್ತು ಎಂದೂ ಒಂದು ಕ್ಷಣ ಅನಿಸಿತು. ಮೊದಲಿಂದ ಎಣಿಸಿದೆವು. ಈ ಸಲ ಇಬ್ಬರಿಗೂ ಇಪ್ಪತ್ತು, ಹಳೆಯದು ಸೇರಿ ಇಪ್ಪತ್ತೊಂದು. ಮೊದಲು ತಪ್ಪಿದ್ದು ಯಾರೆಂದು ಇವತ್ತಿಗೂ ಗೊತ್ತಿಲ್ಲ. ಮೂರನೆಯ ಸಲವೂ ಎಣಿಸಿದೆವು. ಆಮೇಲೆ ಡಾಕ್ಟರು ಹೊಲಿಗೆ ಶುರು ಮಾಡಿದರು.

*

ಮರುದಿನ ಮಧ್ಯಾಹ್ನ ರೇಣವ್ವನ ಜ್ವರ ಇಳಿಯಿತು. ಡಾಕ್ಟರು ಶಂಕ್ರವ್ವನನ್ನು ಒಳಗೆ ಕರೆಸಿದರು. ನಾನೂ ಎಸ್ತೇರಕ್ಕನೂ ಗೋಡೆಗೆ ಒರಗಿ ನಿಂತಿದ್ದೆವು. ಡಾಕ್ಟರು ಮುಚ್ಚಿಡಲಿಲ್ಲ. ಆದರೆ ಯಂತ್ರ, ಪ್ರತಿಧ್ವನಿ, ವ್ಯವಸ್ಥೆ ಎಂದು ದೂರದಿಂದ ಶುರು ಮಾಡಿದರು. ಶಂಕ್ರವ್ವ ಸೆರಗಿನ ಅಂಚು ಬೆರಳಿಗೆ ಸುತ್ತುತ್ತಾ ಕೇಳಿದಳು. ಆಮೇಲೆ, "ಅದೆಲ್ಲಾ ಇರ್ಲಿ ಸಾಹೇಬ್ರ. ಎಣಿಸೂ ಕೆಲಸ ಯಾರದಿತ್ತು?" ಎಂದಳು.

"ನಂದು" ಎಂದೆ.

"ನಂದೂ" ಎಂದಳು ಎಸ್ತೇರಕ್ಕ.

ಶಂಕ್ರವ್ವ ನಮ್ಮಿಬ್ಬರನ್ನೂ ನೋಡಿದಳು. ಬೈಯುತ್ತಾಳೆಂದು ಕಾದೆ. ಬೈದಿದ್ದರೆ ತಲೆ ತಗ್ಗಿಸಿ ಕೇಳಿಸಿಕೊಳ್ಳುತ್ತಿದ್ದೆ.

"ಇಬ್ರಿದ್ದೂ?" ಎಂದಳು.

ಬಾಗಿಲವರೆಗೆ ಹೋದವಳು ತಿರುಗಿ ನಿಂತಳು. "ನಮ್ಮ ರೇಣಿ ಬಾಜೂಕ ಹೋದ ವಾರ ಒಂದು ಕೂಸಿತ್ತು. ಗದಗಿನ ಮಂದಿ. ಮನಿಗೆ ಕರಕೊಂಡು ಹೋದ್ರು. ಅದರದು ಎಣಿಸಿದ್ರೇನು?"

ಡಾಕ್ಟರು ನಮ್ಮ ಮುಖ ನೋಡಿದರು. ನಾವು ಅವರ ಮುಖ ನೋಡಿದೆವು. ಯಾರ ಕಿವಿಯ ಹಿಂದೆಯೂ ಏನೂ ಇರಲಿಲ್ಲ. ಆದರೂ ಆಗ ಆ ಕೋಣೆಯಲ್ಲಿ ನಾಲ್ವರಿಗೂ ಒಂದೇ ಸಂಗತಿ ಒಟ್ಟಿಗೆ ತಿಳಿಯಿತು.

ಎಂಟು ತಿಂಗಳು. ಮುನ್ನೂರ ಹನ್ನೊಂದು ಮಕ್ಕಳು.

ಆ ವಾರ ಹೊಸ ಶಸ್ತ್ರಚಿಕಿತ್ಸೆ ನಿಂತಿತು. ಬಿಲ್ಲೆಗಳನ್ನು ತೌಸೀಫ್ ಎರಡು ರಟ್ಟಿನ ಡಬ್ಬಿಗೆ ತುಂಬಿಕೊಂಡು ಹೋದ. ಬೇರೆಯವರ "ಆಯ್ತು" ಸೋಸಿ ತಡೆಯುವುದನ್ನು ಸರಿ ಮಾಡಿ ತರುತ್ತೇನೆ ಎಂದ. ತರಲಿ ಎಂದೂ ಬೇಡ ಎಂದೂ ಹೇಳಲು ನನಗಾಗಲಿಲ್ಲ. ಸರದಿಯಲ್ಲಿ ಕಾದಿದ್ದವರ ತಾರೀಖು ಮುಂದೆ ಹೋಯಿತು. ಕೆಳಗಿನ ಪಡಸಾಲೆಯಲ್ಲಿ ಅವರ ಜಗಳ ನಮ್ಮ ಕೋಣೆಗೆ ಕೇಳುತ್ತಿತ್ತು. ಡಾಕ್ಟರು ಹಳೆಯ ಫಿಲ್ಮುಗಳ ಮುಂದೆ ಕೂತು ಬೆರಳು ಹಚ್ಚಿ ಗೆರೆ ಎಣಿಸತೊಡಗಿದರು, ಗಟ್ಟಿಯಾಗಿ. ಮನೆಗಳಿಗೆ ಫೋನು ಮಾಡಿ, ಮಗುವನ್ನು ತೋರಿಸಲು ಕರೆತನ್ನಿ ಎಂದು ಹೇಳುವುದು ನನ್ನ ಮತ್ತು ಎಸ್ತೇರಕ್ಕನ ಪಾಲಿಗೆ ಬಂತು. ಅವಳು ಹೆಸರು ಓದಬೇಕು, ನಾನು ಮಾತಾಡಬೇಕು, ಅವಳು ಕೇಳಿಸಿಕೊಂಡು ಗುರುತು ಹಾಕಬೇಕು.

"ಮೊದಲನೇದು" ಎಂದಳು ಎಸ್ತೇರಕ್ಕ, ಕನ್ನಡಕ ಮೂಗಿಗೆ ಇಳಿಸಿ. "ಗೌರವ್ವ. ಆರು ವರ್ಷ. ಗದಗ ತಾಲೂಕು. ಶಂಕ್ರವ್ವ ಕೇಳಿದ್ದಳಲ್ಲ, ಅದ ಕೂಸು."

ಫೋನು ಬಹಳ ಹೊತ್ತು ರಿಂಗಾಯಿತು. ಇಡಬೇಕೆನ್ನುವಷ್ಟರಲ್ಲಿ ಎತ್ತಿದರು. ಆಚೆ ಏನೋ ಬಿದ್ದ ಸದ್ದು, ಕೋಳಿ ಹಾರಿದ ಸದ್ದು, ಆಮೇಲೆ ಸಣ್ಣ ದನಿ.

"ಅವ್ವ ಹಿತ್ತಲದಾಗ ಅದಾಳ. ಯಾರ್ರೀ ನೀವು?"

"ದವಾಖಾನಿಯಿಂದವಾ. ನೀ ಯಾರು?"

"ಗೌರಿ."

ಅವಳು ಏದುತ್ತಿದ್ದಳು. ಎಸ್ತೇರಕ್ಕನ ಪೆನ್ನು ಕಾಗದದ ಮೇಲೆ ಎತ್ತಿ ನಿಂತಿತ್ತು.

"ಯಾಕವಾ ಹಂಗ ಏದಾಕತ್ತಿ?"

"ಓಡಿ ಬಂದೆ" ಎಂದಳು ಹುಡುಗಿ. "ಹಿತ್ತಲದಿಂದ."

ನಾನು ಫೋನನ್ನು ಮೇಜಿನ ನಡುವೆ ಇಟ್ಟು ದನಿ ಜೋರು ಮಾಡಿದೆ. ನಾವಿಬ್ಬರೂ ಬಾಗಿ ಆ ಉಸಿರು ಮೆಲ್ಲಗಾಗುವುದನ್ನು ಕಾಯತೊಡಗಿದೆವು.